ಮಾರ್ಗಶಿರದ ಜೋಕಾಲಿ

ನಾನು ಕಟ್ಟಿದ ಗಂಟನ್ನು ನಮ್ಮ ಮನೆಯಲ್ಲಿ ಯಾರೂ ಬಿಚ್ಚಲಾರರು. ಇದನ್ನು ಜಂಬದಿಂದ ಹೇಳುತ್ತಿಲ್ಲ, ಮನೆಯವರ ದೂರನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ. ಬಟ್ಟೆ ಒಣಹಾಕುವ ಹಗ್ಗವಿರಲಿ, ಅಕ್ಕಿ ಚೀಲದ ಬಾಯಿಯಿರಲಿ, ನನ್ನ ಕೈಗೆ ದಾರ ಸಿಕ್ಕಿತೆಂದರೆ ಅದು ತಾನಾಗಿ ಒಂದು ಸುತ್ತು ಹೋಗಿ, ಬಳಸಿ ಹಿಂದಕ್ಕೆ ಬಂದು, ಇಂಗ್ಲಿಷಿನ ಎಂಟರ ಅಂಕಿಯಂತೆ ಮಲಗಿಕೊಳ್ಳುತ್ತದೆ. ಆಮೇಲೆ ಅದನ್ನು ಬಿಚ್ಚಬೇಕಾದರೆ ನಾನೇ ಬರಬೇಕು. ನಮ್ಮ ಯಜಮಾನರು ಸಕ್ಕರೆ ಚೀಲದ ಮುಂದೆ ಸೋತು ಕೂತು, "ಏನವಾ, ಇದರೊಳಗ ಕಳ್ಳನ್ನ ಹಿಡದು ಕಟ್ಟೀಯೇನು?" ಎಂದು ಕೇಳುವುದು ವಾಡಿಕೆ. ಹೋದ ವಾರ ಅಂಗಳದ ಹಗ್ಗ ನಡುವೆ ಹರಿದು, ಒಗೆದ ಬಟ್ಟೆಗಳೆಲ್ಲ ಮಣ್ಣುಪಾಲಾದವು. ನಾನು ಓಡಿಹೋಗಿ ಮೊದಲು ನೋಡಿದ್ದು ಬಟ್ಟೆಗಳನ್ನಲ್ಲ, ಎರಡೂ ಗೋಡೆಯ ಮೊಳೆಗಳನ್ನು. ಹಗ್ಗ ಹೋಗಿತ್ತು, ಗಂಟುಗಳು ಹಾಗೇ ಇದ್ದವು. ಮತ್ತೊಮ್ಮೆ ಸೀರೆ ಒಗೆಯುವಾಗ ಆ ಸಮಾಧಾನ ನನಗೆ ಬಹಳ ನೆರವಾಯಿತು.

ಈ ಗಂಟನ್ನು ನಾನು ಕಲಿತದ್ದು ಖಾನಾಪುರದ ಆಚೆ, ಲೋಂಡಾ ಕಡೆಗೆ ಹೋಗುವ ಕಾಡಿನಲ್ಲಿ, ಒಂದು ಕಡಿದಾದ ಬಂಡೆಯ ನೆತ್ತಿಯ ಮೇಲೆ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಹಗ್ಗ ಹಿಡಿದು, ಬೆನ್ನು ಬಯಲಿಗೆ ಮಾಡಿ ಆ ಬಂಡೆಯಿಂದ ಇಳಿದವಳು ನಾನು ಎಂದರೆ ನಮ್ಮ ಓಣಿಯಲ್ಲಿ ನಂಬುವವರಿಲ್ಲ. ಅವರದೇನೂ ತಪ್ಪಿಲ್ಲ. ಬಲ್ಬು ಬದಲಿಸಲು ಸ್ಟೂಲು ಹತ್ತಬೇಕಾದರೂ ನಾನು ಇಬ್ಬರನ್ನು ಕರೆಯುತ್ತೇನೆ, ಸ್ಟೂಲು ಹಿಡಿಯಲು ಒಬ್ಬರು, ನನ್ನನ್ನು ಹಿಡಿಯಲು ಒಬ್ಬರು.

ಎತ್ತರದ ಅಂಜಿಕೆ ನನಗೆ ಹುಟ್ಟಿನಿಂದಲೇ ಇದೆ. ಬೆಳಗಾವಿಯ ಶಹಾಪುರದಲ್ಲಿ ನಮ್ಮ ಮನೆ. ಪಡಸಾಲೆಯ ಮೇಲೊಂದು ಅಟ್ಟ, ಅದಕ್ಕೊಂದು ಮರದ ನಿಚ್ಚಣಿಕೆ. ಪಂಚಮಿಯ ಉಂಡಿಗಳ ಡಬ್ಬಿಯನ್ನು ಅವ್ವ ಆ ಅಟ್ಟದ ಮೇಲೆ ಇಡುತ್ತಿದ್ದಳು. ನನ್ನ ತಮ್ಮಂದಿರು ಇಲಿಮರಿಗಳಂತೆ ಹತ್ತಿ ಜೇಬು ತುಂಬಿಕೊಂಡು ಬರುತ್ತಿದ್ದರು. ನಾನು ಕೆಳಗೆ ನಿಂತು, ಅವರ ಗೃಹಪಾಠ ಬರೆದುಕೊಡುವ ಮಾತು ಕೊಟ್ಟು, ಒಂದೊಂದೇ ಶೇಂಗಾ ಉಂಡಿ ಸಂಪಾದಿಸುತ್ತಿದ್ದೆ. ಅದನ್ನು ಕಂಡಾಗಲೆಲ್ಲ ಅವ್ವನಿಗೆ ಸಿಟ್ಟು ಬರುತ್ತಿತ್ತು. ಕದ್ದದ್ದಕ್ಕಲ್ಲ, ನಾನು ಹತ್ತದಿದ್ದದ್ದಕ್ಕೆ. "ನನ್ನ ಹೊಟ್ಯಾಗ ಹುಟ್ಟಿ ನಿಚ್ಚಣಿಕಿಗೆ ಅಂಜ್ತೀಯಲ್ಲ ನೀಲಾ, ಯಾರನ್ನ ಹೋತಿ ನೀ?" ಎನ್ನುತ್ತಿದ್ದಳು. ಮೂಲೆಯಲ್ಲಿ ಪೇಪರು ಓದುತ್ತಿದ್ದ ಅಪ್ಪ ತಲೆ ಎತ್ತುತ್ತಿರಲಿಲ್ಲ. ಯಾರನ್ನು ಹೋತಿದ್ದೆನೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವ್ವ ಹಾಗೆ ಹೇಳಲು ಕಾರಣವಿತ್ತು. ನಮ್ಮ ಕಡೆ ಶ್ರಾವಣದ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾದವರು ತವರಿಗೆ ಬರುತ್ತಾರೆ, ಊರ ದೊಡ್ಡ ಮರಗಳಿಗೆ ಜೋಕಾಲಿ ಬೀಳುತ್ತವೆ. ಈ ಜೋಕಾಲಿಯೆಂದರೆ ಈಗಿನ ಪಾರ್ಕಿನದಲ್ಲ. ನಿಂತು ಜೀಕುವುದು, ಸೊಂಟ ಮುರಿಯುವಂತೆ ಜೀಕುವುದು, ಕಾಲು ಮುಗಿಲಿಗೆ ತಾಗುವ ಹಾಗೆ. ಅವ್ವ ಖಾನಾಪುರದ ಹತ್ತಿರದ ಹಳ್ಳಿಯವಳು. ಅವಳ ತವರುಮನೆಯ ಮುಂದೆ ಒಂದು ಹುಣಸೆಮರ. ಆ ಮರ ಹತ್ತಿ ಜೋಕಾಲಿ ಕಟ್ಟುವವನು ಅವಳ ಅಣ್ಣ, ನನ್ನ ಸೋದರಮಾವ ಬಾಳಪ್ಪ. ಕಟ್ಟಿ, ತಾನೊಮ್ಮೆ ಜಗ್ಗಿ ನೋಡಿ, ತಂಗಿಯನ್ನು ಕರೆಯುತ್ತಿದ್ದನಂತೆ. ಪ್ರತಿ ವರ್ಷ ಅವ್ವನದು ಒಂದೇ ಪ್ರಶ್ನೆ: "ಹಗ್ಗಾ ಗಟ್ಟಿ ಐತೇನಣ್ಣಾ?" ಮಾಮನದೂ ಒಂದೇ ಉತ್ತರ: "ನಾ ಕಟ್ಟೀನಲ್ಲ, ಏರು." ಆಮೇಲೆ ಅವಳು ಹುಣಸೆಯ ತುದಿ ಟೊಂಗೆಯ ಎಲೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಇಳಿಯುತ್ತಿದ್ದಳಂತೆ. ಬೆಟ್ಟ ಇಳಿಯುವ, ಬಂಡೆ ಏರುವ ಸಾಹಸವೆಲ್ಲ ಎಲ್ಲಿಂದಲೋ ಬಂದದ್ದು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ನಮ್ಮ ಅವ್ವಂದಿರು ಹೆಲ್ಮೆಟ್ಟಿಲ್ಲದೆ, ಸೀರೆಯಲ್ಲಿ, ಬಾಯಲ್ಲಿ ಉಂಡಿ ಇಟ್ಟುಕೊಂಡು ಅದನ್ನೆಲ್ಲ ಮಾಡಿ ಮುಗಿಸಿದ್ದರು.

ಆದರೆ ಪಂಚಮಿಗೆ ಒಂದು ಕಟ್ಟಳೆ ಇದೆ. ಮಗಳು ತಾನಾಗಿ ತವರಿಗೆ ಹೋಗುವಂತಿಲ್ಲ. ಅಣ್ಣನೋ ತಮ್ಮನೋ ಬಂದು ಕರೆಯಬೇಕು. ಕರೆಯದೆ ಹೋದವಳಿಗೆ ತವರಿಲ್ಲ ಎಂದೇ ಅರ್ಥ. ನಾನು ಇನ್ನೂ ಶಾಲೆಗೆ ಹಾಕದಷ್ಟು ಸಣ್ಣವಳಿದ್ದಾಗಿನ ಒಂದು ಶ್ರಾವಣ. ಅವ್ವನ ಕಡೆಯ ಅಜ್ಜ, ಅಜ್ಜಿ ಇಬ್ಬರೂ ತೀರಿಕೊಂಡ ಮೇಲೆ ಬಂದ ಮೊದಲ ಪಂಚಮಿ ಅದು. ಅವ್ವ ಬೆಳಿಗ್ಗೆಯೇ ಎಣ್ಣೆ ಹಚ್ಚಿ ನನಗೆ ಎರಡು ಜಡೆ ಹಾಕಿ, ತಾನು ಇಳಕಲ್ ಸೀರೆ ಉಟ್ಟು, ಟ್ರಂಕನ್ನು ಬಾಗಿಲ ಬಳಿ ಇಟ್ಟಳು. ನಾವಿಬ್ಬರೂ ಟ್ರಂಕಿನ ಮೇಲೆ ಕೂತೆವು. ಮಧ್ಯಾಹ್ನದ ರೈಲು ಹೋಯಿತು, ಮಳೆ ಬಂತು, ದೀಪ ಹಚ್ಚುವ ಹೊತ್ತಾಯಿತು. ಮಾಮ ಬರಲಿಲ್ಲ. ಅಪ್ಪನ ತಾಯಿ ಅಡುಗೆಮನೆಯಿಂದಲೇ, "ಅಪ್ಪ ಅವ್ವ ಹೋದ ಮ್ಯಾಗ ತವರು ಅಷ್ಟ ಬಿಡವಾ" ಎಂದಳು. ಮುದುಕಿ ಕೆಟ್ಟ ಮನಸ್ಸಿನಿಂದ ಅಂದಿರಲಿಕ್ಕಿಲ್ಲ. ಅವ್ವ ಎದ್ದು ಟ್ರಂಕನ್ನು ಒಳಗೆ ಎಳೆದಳು.

ಮರುವರ್ಷ ಮಾಮ ಬಂದ. ತಲೆಗೆ ಬಿಳಿ ಪಟಕ, ಕೈಯಲ್ಲಿ ಉಂಡಿಯ ಗಂಟು. ಪಡಸಾಲೆಯಲ್ಲಿ ಕೂತ. ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ನನ್ನನ್ನು ಕರೆದು, "ಹೋದ ವರ್ಷ ದಾರಿ ತಪ್ಪಿತ್ತೇನಂತ ಕೇಳು" ಎಂದಳು. ನಾನು ಹೋಗಿ ಹಾಗೇ ಕೇಳಿದೆ. ಮಾಮ ನನ್ನ ಮುಖ ನೋಡಿದ, ಅಡುಗೆಮನೆಯ ಬಾಗಿಲು ನೋಡಿದ. ಸ್ವಲ್ಪ ಹೊತ್ತು ಕೂತು, ಉಂಡಿಯ ಗಂಟನ್ನು ನನ್ನ ತೊಡೆಯ ಮೇಲಿಟ್ಟು, ತಂಬಿಗೆಯ ನೀರನ್ನು ಮುಟ್ಟದೆ ಎದ್ದು ಹೋದ. ಆಮೇಲೆ ಅವನು ಕರೆಯಲು ಬರಲಿಲ್ಲ, ಇವಳು ಕರೆಯದೆ ಹೋಗಲಿಲ್ಲ.

ಆಮೇಲಿನ ಶ್ರಾವಣಗಳಲ್ಲಿ ಅವ್ವ ಉಂಡಿ ಕಟ್ಟುತ್ತಿದ್ದಳು, ನಾಗಪ್ಪನಿಗೆ ಹಾಲೆರೆಯುತ್ತಿದ್ದಳು, ಆದರೆ ಜೋಕಾಲಿಯ ಮಾತು ಆಡುತ್ತಿರಲಿಲ್ಲ. ಒಂದು ವರ್ಷ ಅಪ್ಪ, ಪಾಪ, ಪಡಸಾಲೆಯ ತೊಲೆಗೆ ತಾನೇ ಹಗ್ಗ ಹಾಕಿ ಜೋಕಾಲಿ ಕಟ್ಟಿದ. ಕಚೇರಿಯ ಗುಮಾಸ್ತ ಅವನು, ಫೈಲಿಗೆ ಕಟ್ಟುವ ಲಾಡಿಯ ಗಂಟು ಬಿಟ್ಟರೆ ಬೇರೆ ಗಂಟು ಬಾರದು. ಅವ್ವ ಹೊಸ್ತಿಲಲ್ಲಿ ನಿಂತು ನೋಡಿ, "ಇದು ಜೋಕಾಲಿ ಅಲ್ರೀ, ತೊಟ್ಟಲಾತು" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು. ನಾನು ಅದರ ಮೇಲೆ ಕೂತೆ. ಗಂಟು ಬಿಚ್ಚಿಕೊಂಡಿತು. ನನ್ನ ಎತ್ತರದ ಅಂಜಿಕೆಗೆ ಅದೂ ಒಂದು ಕಾರಣ ಎಂದು ನಾನು ಅಪ್ಪನನ್ನು ಬಹಳ ವರ್ಷ ಕಾಡಿದ್ದೇನೆ.

ಹೀಗಿದ್ದ ನಾನು ಬೆಟ್ಟ ಇಳಿಯಲು ಹೋದದ್ದು ಹೇಗೆ? ನನ್ನ ಗೆಳತಿ ಶಾಂತಾಳಿಂದ. ಎಂಬತ್ತರ ದಶಕದ ಆರಂಭ, ನಾವು ಕಾಲೇಜಿನಲ್ಲಿದ್ದೆವು. ಚಳಿಗಾಲದ ರಜೆಯಲ್ಲಿ ಬೆಟ್ಟ ಹತ್ತುವ, ಬಂಡೆ ಇಳಿಯುವ ಶಿಬಿರವೆಂದು ಫಲಕದ ಮೇಲೆ ಚೀಟಿ ಅಂಟಿಸಿದ್ದರು. ಶಾಂತಾ ತನ್ನ ಹೆಸರು ಕೊಡುವಾಗ ಜೊತೆಗೆ ನನ್ನದನ್ನೂ ಕೊಟ್ಟಳು. ನಾನು ಬೇಡವೆನ್ನಲು ಹೋದೆ, ಅಷ್ಟರಲ್ಲಿ ಶಿಬಿರದವರಿಗೆಲ್ಲ ಬಿಳಿ ಕ್ಯಾನ್ವಾಸ್ ಬೂಟು ಕೊಡುತ್ತಾರೆಂದು ತಿಳಿಯಿತು. ನನ್ನ ಧೈರ್ಯದ ಮೂಲ ಅಷ್ಟೇ.

ಶಿಬಿರ ನಡೆಸುವವರು ದೇಸಾಯಿ ಸರ್. ವಾರವೆಲ್ಲ ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಕೆಲಸ, ರವಿವಾರ ಬಂತೆಂದರೆ ಬೆನ್ನಿಗೆ ಹಗ್ಗದ ಸುರುಳಿ ಹಾಕಿಕೊಂಡು ಬೆಟ್ಟ. ಅಪ್ಪನಿಗೆ ಆ ಹಗ್ಗದ ಮೇಲೆಯೇ ಅನುಮಾನ. "ಆಟೋ ನಗರದಾಗ ಲಾರಿಗೆ ಕಟ್ಟೂ ಹಗ್ಗ ಇದ್ದೀತು. ಮೂಟಿ ಕಟ್ಟೂ ಹಗ್ಗದಾಗ ನನ್ನ ಮಗಳನ್ನ ಕಟ್ಟತಾರೇನು?" ಎಂದು ಛತ್ರಿ ಹಿಡಿದು ವಿಚಾರಿಸಲು ಹೋದ. ಮಗಳು ಹೋಗುವುದು ಇಲ್ಲಿಗೆ ಮುಗಿಯಿತೆಂದು ನಾನು ಒಳಗೊಳಗೇ ಸಮಾಧಾನಪಟ್ಟುಕೊಂಡೆ. ಸಂಜೆ ತಿರುಗಿ ಬಂದವನು ಚಹಾ ಕುಡಿದು, ಪೇಪರು ಬಿಡಿಸಿ, ಪೇಪರಿಗೇ ಹೇಳುವಂತೆ ಹೇಳಿದ: "ಹೋಗಲಿ. ಆದರ ಅವ್ವ ಜೋಡಿ ಹೋಗಬೇಕು. ದೊಡ್ಡ ಹೆಣ್ಣುಮಗಳೊಬ್ಬಾಕಿ ಇದ್ರ ಚಲೋ ಅಂತ ಅವರೂ ಅಂದ್ರು."

ಅವ್ವ ಒಲ್ಲೆನೆನ್ನುತ್ತಾಳೆ ಎಂದುಕೊಂಡೆ. ಅವಳು, "ಎಲ್ಲಿ ಅಂದ್ರಿ?" ಎಂದು ಕೇಳಿದಳು. "ಖಾನಾಪುರದಾಗ ಇಳದು, ಕಾಡಿನ ದಾರಿ" ಎಂದ ಅಪ್ಪ. ಅವ್ವ ಒಲೆಯ ಮುಂದೆ ಹೋಗಿ ಕೂತಳು. ಆಮೇಲೆ ರೊಟ್ಟಿ ಬಡಿಯಲು ಹಿಟ್ಟು ತೆಗೆದಳು. ಒಬ್ಬರಿಗೆ ಬೇಕಾದಷ್ಟು ಹಿಟ್ಟಲ್ಲ, ಒಂದು ದಂಡಿಗೆ ಆಗುವಷ್ಟು.

ಬುತ್ತಿಯ ಗಂಟು, ನಾವು ಹಿಂಡಿ ಎನ್ನುವ ಚಟ್ನಿಪುಡಿಯ ಡಬ್ಬಿ, ಕಂಬಳಿ ಎಲ್ಲ ಹೊತ್ತು ನಾವು ಖಾನಾಪುರ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲು ಏರುತ್ತಿತ್ತು. ಸಾಮಾನು ಒಯ್ಯಲು ದೇಸಾಯಿ ಸರ್ ಚಕ್ಕಡಿ ಹೇಳಿದ್ದರು. ಪ್ರತಿ ವರ್ಷವೂ ಅದೇ ಚಕ್ಕಡಿಯಂತೆ, ಅದೇ ಮನುಷ್ಯನಂತೆ. "ಭಾಳ ಭರವಸಾದ ಮನಶಾ. ಬಂಡೆಗಲ್ಲಿನ ಕೆಳಗ ಹಗ್ಗಾ ಹಿಡಿಯಾಕ ನಾನಽ ಕಲಿಸೀನಿ" ಎಂದು ಸರ್ ಹೇಳುತ್ತಿದ್ದರು. ಎತ್ತಿನ ಕೊರಳು ಸವರುತ್ತ ನಿಂತಿದ್ದ ಬಿಳಿ ಪಟಕದವನು ತಿರುಗಿದ. ಮೀಸೆ ಬೆಳ್ಳಗಾಗಿತ್ತು. ನನ್ನ ಮುಖದಲ್ಲಿ ಅವ್ವನ ಹೋಲಿಕೆ ಕಂಡು, "ನೀಲಾ ಅಲ್ಲೇನು ನೀನು?" ಎಂದ. ಆಮೇಲೆ ನನ್ನ ಹಿಂದೆ ಬುತ್ತಿ ಹಿಡಿದು ನಿಂತವಳನ್ನು ಕಂಡ. ತಿರುಗಿ ಎತ್ತಿನ ಕೊರಳಿಗೆ ಕೈ ಹಾಕಿದ.

ದೇಸಾಯಿ ಸರ್‌ಗಾಗಲಿ ಉಳಿದ ಹುಡುಗಿಯರಿಗಾಗಲಿ ಏನೂ ಗೊತ್ತಿಲ್ಲ. ಎಲ್ಲರೂ ನಡೆಯುತ್ತ ಹೊರಟರು. ಅವ್ವನನ್ನು ಮಾತ್ರ, ಹಿರಿಯರೆಂದು, ಬಲವಂತದಿಂದ ಚಕ್ಕಡಿಯಲ್ಲಿ ಕೂರಿಸಿದರು. ಜೊತೆಗೆ ನನ್ನನ್ನು. ಮುಂದೆ ಮಾಮನ ಬೆನ್ನು, ಹಿಂದೆ ಅವ್ವನ ಮುಖ, ನಡುವೆ ನಾನು. ಒಂದು ಹರದಾರಿ ದಾರಿ ಹೀಗೆ ಕಳೆಯಿತು.

"ನೀಲಾ, ಹಿಂದಿನವರಿಗೆ ಹೇಳು, ಆ ಬಾಜೂ ಸರದು ಕುಂದರ್ರಿ ಅಂತ. ಈ ಗಾಲಿ ಧೂಳಾ ಹಾರಸತೈತಿ."

"ನೀಲಾ, ಗಾಡಿ ಹೊಡ್ಯಾವರಿಗೆ ಹೇಳು, ಧೂಳಾ ನಮಗೇನು ಹೊಸಾದಲ್ಲಂತ."

"ಹಂಗಾರ ಕುಂದರ್ರಿ ಅನ್ನು."

"ಕುಂತೀವಿ ಅನ್ನು."

ಇಬ್ಬರ ಕಿವಿಗಳೂ ಚೆನ್ನಾಗಿದ್ದವು, ಮಾತು ನನ್ನನ್ನು ಹಾಯ್ದೇ ಹೋಗಬೇಕಿತ್ತು ಅಷ್ಟೇ. ಸಣ್ಣವಳಿದ್ದಾಗ ಅಡುಗೆಮನೆಯಿಂದ ಪಡಸಾಲೆಗೆ ಒಯ್ದ ಆ ಒಂದು ಮಾತಿನ ನಂತರ ನನಗೆ ಈ ಕೆಲಸ ಕಾಯಂ ಆಗಿಬಿಟ್ಟಿತ್ತು ಎಂದು ಕಾಣುತ್ತದೆ.

ಕಾಡಿನ ನಡುವೆ, ಒಂದು ತೊರೆಯ ದಂಡೆಯಲ್ಲಿ ನಮ್ಮ ಡೇರೆಗಳು. ಅವ್ವ ಇಳಿದವಳೇ ಮೂರು ಕಲ್ಲು ಹೂಡಿ ಅಡುಗೆಯನ್ನು ಕೈಗೆ ತೆಗೆದುಕೊಂಡಳು. ಉಪ್ಪಿಟ್ಟೆಂಬ ಹೆಸರಿನಲ್ಲಿ ಗಂಜಿ ಕುಡಿಯಲು ತಯಾರಾಗಿ ಬಂದಿದ್ದ ದೇಸಾಯಿ ಸರ್ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮಾಮ ಸೌದೆ ತಂದು ಒಲೆಯಿಂದ ದೂರ ಒಟ್ಟಿ ಹೋಗುತ್ತಿದ್ದ. ಅವ್ವ ಎಲೆಯ ಮೇಲೆ ರೊಟ್ಟಿ, ಮೇಲೆ ಗುರೆಳ್ಳ ಹಿಂಡಿ, ಹಿಂಡಿಯ ನಡುವೆ ಕುಳಿ ಮಾಡಿ ಎಣ್ಣೆ ಬಿಟ್ಟು ನನ್ನ ಕೈಗೆ ಕೊಡುತ್ತಿದ್ದಳು. ಉಳಿದವರಿಗೆಲ್ಲ ಶೇಂಗಾ ಹಿಂಡಿ. "ಗುರೆಳ್ಳು ಯಾರಿಗವ್ವಾ?" ಎಂದರೆ, "ಯಾರಿಗ್ಯಾರ ಕೊಡು. ಹೆಚ್ಚಾಗೈತಿ" ಎನ್ನುವಳು. ಮಾಮ ಅದನ್ನು ಎತ್ತುಗಳ ಮರೆಯಲ್ಲಿ ಕೂತು ತಿನ್ನುತ್ತಿದ್ದ. ತಿಂದ ಎಲೆಯಲ್ಲಿ ಒಂದು ಕಾಳೂ ಉಳಿಯುತ್ತಿರಲಿಲ್ಲ.

ಮೊದಲು ನಮಗೆ ಗಂಟು ಕಲಿಸಿದರು. ಹಗ್ಗದಲ್ಲಿ ಒಂದು ಎಂಟು ಬರೆ, ತುದಿಯನ್ನು ಮರಕ್ಕೆ ಸುತ್ತಿ ತಂದು ಅದೇ ಎಂಟರ ಜಾಡಿನಲ್ಲಿ ಹಿಂದಕ್ಕೆ ಕಳಿಸು. ಭಾರ ಬಿದ್ದಷ್ಟೂ ಅದು ಬಿಗಿಯುತ್ತದೆ. ಉಳಿದ ಹುಡುಗಿಯರು ಒಂದು ಗಳಿಗೆಯಲ್ಲಿ ಕಲಿತರು. ನಾನು ಊಟ ಬಿಟ್ಟು ಕಲಿತೆ. ನನ್ನನ್ನು ಹಿಡಿಯುವ ಗಂಟು ನನಗೇ ಗೊತ್ತಿರಲಿ ಎಂಬ ಸ್ವಾರ್ಥ. ಆಮೇಲೆ ಇಳಿಯುವ ರೀತಿ. ಹಗ್ಗದ ಮೇಲಿನ ತುದಿ ಬಂಡೆಯ ನೆತ್ತಿಯ ಮರಕ್ಕೆ. ನಡುವೆ ಸೊಂಟದ ಪಟ್ಟಿಯ ಕೊಂಡಿಯೊಳಗೆ ಹಗ್ಗ ಹಾಯ್ದು ಹೋಗುತ್ತದೆ. ಕೆಳಗಿನ ತುದಿಯನ್ನು ಒಬ್ಬರು ಹಿಡಿದು ನಿಂತಿರುತ್ತಾರೆ. ಇಳಿಯುವವರ ಕೈ ತಪ್ಪಿದರೂ ಕೆಳಗಿನವರು ಹಗ್ಗ ಜಗ್ಗಿದರೆ ಸಾಕು, ನಿಂತಲ್ಲೇ ನಿಲ್ಲುತ್ತಾರೆ. ಆ ಕೆಳಗಿನ ಕೈ ಮಾಮನದು.

ಬಂಡೆಯ ದಿನ ಬಂತು. ಐದಾರು ಆಳೆತ್ತರದ ಕರೀ ಬಂಡೆ, ಕೆಳಗೆ ಬಿದಿರು ಮೆಳೆ, ಅದರಾಚೆ ಕಾಡು ಮಡಿಕೆ ಮಡಿಕೆಯಾಗಿ ಗೋವೆಯ ಕಡೆಗೆ ಇಳಿಯುತ್ತದೆ. ಅವ್ವ ಕುಡಿಯುವ ನೀರು ಹೊತ್ತುಕೊಂಡು ಮೇಲೆ ಬಂದಿದ್ದಳು. ಆದರೆ ಅಂಚಿಗೆ ಬೆನ್ನು ಹಾಕಿ, ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಒಂದು ನೇರಳೆ ಮರದ ಬುಡದಲ್ಲಿ ಕೂತಳು. ಶಾಂತಾ ಹಾಡು ಹೇಳುತ್ತ ಇಳಿದುಹೋದಳು. ನನ್ನ ಪಾಳಿ.

ಹಿಮ್ಮುಖವಾಗಿ ಅಂಚು ದಾಟಿದ್ದು ನೆನಪಿದೆ. ಹೊಸ ಬಿಳಿ ಬೂಟುಗಳು ಕಪ್ಪು ಬಂಡೆಯ ಮೇಲೆ ಬಹಳ ಚೆಂದ ಕಂಡದ್ದೂ ನೆನಪಿದೆ. ಅರ್ಧ ದಾರಿಯಲ್ಲಿ ಬಂಡೆ ಒಂದು ಗೇಣು ಹೊರಗೆ ಚಾಚಿತ್ತು. ಅಲ್ಲಿ ನಾನು ನಿಂತೆ. ನಿಂತೇಬಿಟ್ಟೆ. ಯಾವುದೋ ಮರದ ಬೇರನ್ನು ತಬ್ಬಿ ಕಣ್ಣು ಮುಚ್ಚಿದೆ. ಮೇಲಿನಿಂದ ದೇಸಾಯಿ ಸರ್, "ಹಳೂ ಹಳೂ ಬಾ ನೀಲಾ, ಎಲ್ಲಾ ಬರೋಬರ್ ಐತಿ, ಘಾಬರಿ ಆಗೂದೇನಿಲ್ಲ" ಎಂದರು. ಕೆಳಗಿನಿಂದ ಶಾಂತಾ ಏನೇನೋ ಕೂಗಿದಳು. ನನಗೆ ಯಾವುದೂ ಬೇಡವಾಗಿತ್ತು. ಉಳಿದ ಆಯುಷ್ಯವನ್ನು ಆ ಬೇರಿನ ಜೊತೆ ಕಳೆಯಲು ನಾನು ಮನಸ್ಸು ಮಾಡಿಬಿಟ್ಟಿದ್ದೆ. ಅಳು ಬರುತ್ತಿತ್ತು, ಅಳಲೂ ಕೈ ಬಿಡಬೇಕಲ್ಲ ಎಂದು ಅಳಲಿಲ್ಲ.

ಆಗ ಮೇಲೆ ಬಳೆಗಳ ಸದ್ದಾಯಿತು. ಅವ್ವ ಅಂಚಿಗೆ ಬಂದಿದ್ದಳು. ಅವಳಿಗೆ ಕಾಣುತ್ತಿದ್ದದ್ದು ನನ್ನ ನೆತ್ತಿ ಮಾತ್ರ. ಬಂಡೆಯ ಚಾಚಿನಿಂದಾಗಿ ಕೆಳಗಿದ್ದ ಮಾಮ ಕಾಣುವಂತಿರಲಿಲ್ಲ. ಆಮೇಲೆ ಅವಳು, ನನ್ನ ಹೆಸರನ್ನಲ್ಲ, ಯಾರ ಹೆಸರನ್ನೂ ಹಿಡಿಯದೆ, ಕಣಿವೆಗೆ ಕೇಳುವ ಹಾಗೆ ಕೂಗಿದಳು:

"ಹಗ್ಗಾ ಗಟ್ಟಿ ಐತೇನೂ?"

ನಾನು ಕಣ್ಣು ಬಿಟ್ಟೆ. ಅಲ್ಲಿಯವರೆಗೆ ಇವರಿಬ್ಬರ ಮಾತು ಹೊತ್ತು ತಿರುಗಿದವಳು ನಾನು. ಈ ಸಲ ನಡುವೆ ತೂಗಾಡುತ್ತಿದ್ದರೂ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ನನ್ನ ಸೊಂಟದ ಹಗ್ಗ ಕೆಳಗಿನಿಂದ ಮೆಲ್ಲಗೆ ಬಿಗಿಯಾಯಿತು. ಮಾಮನ ದನಿ ಬಂತು.

"ನಾ ಹಿಡದೀನಲ್ಲ."

ಅವ್ವ ಉಸಿರು ಬಿಟ್ಟದ್ದು ನನಗೆ ಅಲ್ಲಿಗೂ ಕೇಳಿಸಿತು. "ಇಳಿ ನೀಲಾ," ಎಂದಳು. "ಮಾಮ ಹಿಡದಾನ. ಏನೂ ಆಗೂದಿಲ್ಲ, ಇಳಿ."

ಇಳಿದೆ. ಹೇಗೆ ಎಂದು ಕೇಳಬೇಡಿ. ಧೈರ್ಯ ಬಂತೆಂದು ಹೇಳಲಾರೆ. ಆ ಇಬ್ಬರ ಮಾತಿನ ನಡುವೆ ನಾನು ಬೇರು ತಬ್ಬಿ ನಿಂತಿರುವುದು ಸರಿಯಲ್ಲ ಎನ್ನಿಸಿತು, ಅಷ್ಟೇ. ನೆಲ ಮುಟ್ಟಿ ಮಾಮನ ಕಾಲ ಬಳಿ ಕೂತೆ. ಅವನು ನನ್ನ ತಲೆ ಮೇಲೆ ಒಮ್ಮೆ ಕೈಯಿಟ್ಟು, ಕೊಂಡಿ ಬಿಚ್ಚಿದ. ಕಣ್ಣು ಮಾತ್ರ ಮೇಲೆಯೇ ಇತ್ತು.

ಮೇಲೆ ಗದ್ದಲ ಶುರುವಾಗಿತ್ತು. "ಅಕ್ಕಾರ, ನಿಮ್ಮ ಕಡಿಂದ ಆಗೂದಿಲ್ರೀ. ಸೀರಿ ಮ್ಯಾಲ ಪಟ್ಟಾ ಕುಂದ್ರೂದಿಲ್ರೀ" ಎಂದು ದೇಸಾಯಿ ಸರ್ ಬೇಡಿಕೊಳ್ಳುತ್ತಿದ್ದರು. ಅವ್ವ ಸೀರೆಯನ್ನು ಕಚ್ಚೆ ಹಾಕಿ ಬಿಗಿದಳಂತೆ, ಸೆರಗನ್ನು ಸೊಂಟಕ್ಕೆ ಸುತ್ತಿದಳಂತೆ, ಲಿಂಗವನ್ನು ಕುಪ್ಪಸದೊಳಗೆ ಸೇರಿಸಿ, "ಈಗ ಕುಂದರತೈತಿ, ಕಟ್ರಿ" ಎಂದಳಂತೆ. ಇದೆಲ್ಲ ಆಮೇಲೆ ಮೇಲಿದ್ದವರು ಹೇಳಿದ್ದು. ನಮಗೆ ಕೆಳಗೆ ಸ್ಪಷ್ಟವಾಗಿ ಕೇಳಿಸಿದ್ದು ಅವಳ ಒಂದು ಮಾತು: "ಆಗದ ಏನು? ಹಗ್ಗಾ ಹಿಡದಾವ ನಮ್ಮಣ್ಣ."

ಮಾಮ ಎರಡು ಕೈಗೂ ಮಣ್ಣು ಸವರಿಕೊಂಡು ಹಗ್ಗ ಹಿಡಿದ.

ಮೊದಲು ಅವಳ ಹಿಮ್ಮಡಿ ಕಂಡಿತು, ಆಮೇಲೆ ಕಾಲುಂಗುರ, ಆಮೇಲೆ ಇಳಕಲ್ಲಿನ ಕೆಂಪು ಸೆರಗು. ಬರಿಗಾಲಲ್ಲಿ ಇಳಿಯುತ್ತಿದ್ದಳು. ನಾನು ನಿಂತ ಚಾಚಿನ ಬಳಿ ಅವಳೂ ನಿಂತಳು. ಕತ್ತು ತಿರುಗಿಸಿ ಕಾಡನ್ನೆಲ್ಲ ಒಂದು ಸುತ್ತು ನೋಡಿದಳು. ಆಮೇಲೆ ಮೊಣಕಾಲು ಮಡಚಿ ಬಂಡೆಯನ್ನು ಒದ್ದು, ಬಯಲಿಗೆ ಹಾರಿ, ತಿರುಗಿ ಬಂದು ಬಂಡೆಗೆ ಕಾಲು ಕೊಟ್ಟಳು. ಮತ್ತೆ ಒದ್ದಳು, ಈ ಸಲ ಇನ್ನೂ ದೂರ.

"ಏ ಗಂಗಾ, ಜೀಕಬ್ಯಾಡ," ಮಾಮ ಅವ್ವನ ಹೆಸರು ಹಿಡಿದು ಕೂಗಿದ. "ಇದು ಜೋಕಾಲಿ ಅಲ್ಲವಾ."

ಮೇಲಿನಿಂದ ನಗು ಬಂತು. ನನ್ನ ಅವ್ವನಿಗೆ ಅಂಥ ನಗು ಇದೆಯೆಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಹದಿನಾರರ ಹುಡುಗಿ ನಕ್ಕ ಹಾಗೆ.

ನೆಲಕ್ಕೆ ಬಂದ ಮೇಲೆ ಅವಳು ಕಚ್ಚೆ ಬಿಚ್ಚಿ, ಸೆರಗು ಹೊದ್ದು ಒಂದು ಕಲ್ಲಿನ ಮೇಲೆ ಕೂತಳು. ಮಾಮ ಹಗ್ಗ ಸುತ್ತುತ್ತ ನಿಂತ. ಶಾಂತಾಳಿಗೆ ಏನನ್ನಿಸಿತೋ, ತೊರೆಯ ಕಡೆಗೆ ಹೊರಟುಹೋದಳು. ನನಗೂ ಹೋಗಬೇಕೆನ್ನಿಸಿತು, ಆದರೆ ಬೂಟಿನ ಲಾಡಿ ಬಿಚ್ಚುತ್ತ ಅಲ್ಲೇ ಕೂತೆ.

"ಅವತ್ತ ಮುಂಜಾನಿಂದ ಸಂಜೀತನಾ ಟ್ರಂಕಿನ ಮ್ಯಾಲ ಕುಂತಿದ್ದೆ ನಾ," ಎಂದಳು ಅವ್ವ.

ಮಾಮ ಹಗ್ಗದಿಂದ ಕಣ್ಣು ಎತ್ತಲಿಲ್ಲ. "ನಾನೂ ಅವತ್ತ ಸಂಜೀತನಾ ಹೊಳಿ ದಂಡಿ ಮ್ಯಾಲ ಕುಂತಿದ್ದೆ. ಹೊಳಿ ತುಂಬಿತ್ತು, ಎತ್ತು ನೀರಿಗೆ ಇಳೀಲಿಲ್ಲ. ಈಗ ಇಳದೀತು, ಆಗ ಇಳದೀತು ಅಂತ ನೀರು ನೋಡ್ಕೋತ ಕುಂತೆ. ಕತ್ತಲಾತು."

"ಹೊಳಿ ಬಂದಿತ್ತಂತ ನನಗೂ ಗೊತ್ತಿತ್ತು."

"ಗೊತ್ತಿದ್ದೂ ಕೇಳಿದ್ಯೇನು, ದಾರಿ ತಪ್ಪಿತ್ತೇನಂತ?"

"ನೀ ಬಾಯಿಬಿಟ್ಟು ಹೇಳಲಿ ಅಂತ ಕೇಳಿದೆ."

"ನೀ ಹೊರಗ ಬಂದು ಕೇಳ್ತಿ ಅಂತ ನಾ ಕುಂತಿದ್ದೆ," ಎಂದ ಮಾಮ. "ನೀ ಕೂಸಿನ್ನ ಕಳಿಸಿದಿ."

ಅವ್ವ ಸೆರಗಿನಲ್ಲಿ ಕಣ್ಣು ಒತ್ತಿಕೊಂಡಳು. ಮಾಮ ಸುತ್ತಿದ ಹಗ್ಗವನ್ನೇ ಬಿಚ್ಚಿ ಮತ್ತೆ ಸುತ್ತತೊಡಗಿದ. ಆ ಹಳೆಯ ಮಾತು ಅಷ್ಟಕ್ಕೇ ಮುಗಿಯಿತು. ಇಷ್ಟು ಸಣ್ಣದನ್ನು ಇಷ್ಟು ವರ್ಷ ಎಳೆದಾಡಿದರಲ್ಲ ಎಂದು ನನ್ನ ಆ ವಯಸ್ಸಿಗೆ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಹತ್ತಿರದವರ ಸಿಟ್ಟು ಸಣ್ಣದರ ಮೇಲೆಯೇ ನಿಂತಿರುತ್ತದೆ. ದೊಡ್ಡದಕ್ಕೆ ಜಗಳವಾಡಿಯಾದರೂ ಮುಗಿಸಬಹುದು.

ಸಂಜೆ ಒಲೆಯ ಮುಂದೆ, ಅಣ್ಣ ತಂಗಿ ಒಂದೇ ಎಲೆಯ ಗುರೆಳ್ಳ ಹಿಂಡಿ ಹಂಚಿಕೊಳ್ಳುವುದನ್ನು ಕಂಡು ದೇಸಾಯಿ ಸರ್ ಬೆರಗಾದರು. ಹಳೆಯ ಸಂಗತಿಯೆಲ್ಲ ತಿಳಿದ ಮೇಲೆ ತಲೆ ಕೆರೆದುಕೊಂಡು ನನಗೆ ಹೇಳಿದರು: "ನಿಮ್ಮಪ್ಪ ಅವತ್ತ ಬಂದಿದ್ರಲ್ಲ, ಕೆಳಗ ಹಗ್ಗಾ ಯಾರು ಹಿಡೀತಾರಂತ ಕೇಳಿದ್ರು. ಇಂಥಾ ಊರಿನ ಬಾಳಪ್ಪ ಅಂತ ಅಂದೆ. ಛತ್ರಿ ಮಡಚಿ ಕುಂತ್ರು. ಆಮ್ಯಾಲ, ನಮ್ಮ ಮನಿಯಾಕಿನೂ ಬಂದ್ರ ನಡೀತೈತೇನ್ರೀ, ಅಂತ ಕೇಳಿದ್ರು." ಲಾಡಿಯ ಗಂಟು ಬಿಟ್ಟರೆ ಬೇರೆ ಬಾರದ ಮನುಷ್ಯ ಎಂದು ನಾವೆಲ್ಲ ಅವನನ್ನು ನೋಡಿ ಎಷ್ಟು ನಕ್ಕಿದ್ದೆವು. ನಾನು ಅವ್ವನಿಗೆ ಹೇಳಿದೆ. ಅವಳು ಮಾಮನ ಚಕ್ಕಡಿಯಲ್ಲಿದ್ದ ಹೊಸ ಬೆಲ್ಲದ ಒಂದು ಉಂಡೆಯನ್ನು ತೆಗೆದು, ಅಪ್ಪನಿಗೆಂದು, ಬುತ್ತಿಯ ಬಟ್ಟೆಯಲ್ಲಿ ಕಟ್ಟಿಟ್ಟಳು.

ಶಿಬಿರ ಮುಗಿದು ಹೊರಟ ದಿನ ಚಕ್ಕಡಿ ಸ್ಟೇಷನ್ನಿನ ದಾರಿ ಹಿಡಿಯಲಿಲ್ಲ. ಹಿಂದಿನ ಸಂಜೆ ಮಾಮ ದೇಸಾಯಿ ಸರ್ ಹತ್ತಿರ ಒಂದು ಹಗ್ಗ ಕೇಳಿ ಒಯ್ದಿದ್ದನೆಂದು ನಮಗೆ ಆಗ ತಿಳಿಯಿತು. ಊರ ಬಾಯಿಗೆ ಬರುವಷ್ಟರಲ್ಲಿ ಆ ಹುಣಸೆಮರ ಕಂಡಿತು. ಮರಕ್ಕೆ ಜೋಕಾಲಿ ಬಿದ್ದಿತ್ತು. ಚಕ್ಕಡಿಯ ಹಲಗೆಯೇ ಮಣೆ. ಮೇಲೆ, ಟೊಂಗೆಯ ಮೇಲೆ, ಇಂಗ್ಲಿಷಿನ ಎಂಟು, ಎರಡು ಕಡೆಗೂ. ಊರಿನವರು ಕಟ್ಟೆಯ ಮೇಲೆ ಕೂತು ನಗುತ್ತಿದ್ದರು. "ಬಾಳಪ್ಪಗ ವಯಸ್ಸಾತು. ಮಾರ್ಗಶಿರದಾಗ ಪಂಚಮಿ ಮಾಡಾಕತ್ತಾನ" ಎಂದು ಒಬ್ಬ ಅಂದ. "ಹೂಂ, ಹಿಂದಿನವು ಭಾಳ ಉಳದಾವ" ಎಂದ ಮಾಮ. ಅವನ ಹೆಂಡತಿ ಬುಟ್ಟಿಯ ತುಂಬ ಉಂಡಿ ಹಿಡಿದು, ಅಳುವುದೋ ನಗುವುದೋ ತಿಳಿಯದೆ ಬಾಗಿಲಲ್ಲಿ ನಿಂತಿದ್ದಳು. ರೈಲಿನ ಹೊತ್ತಾಗುತ್ತಿತ್ತು. ದೇಸಾಯಿ ಸರ್ ಗಡಿಯಾರ ನೋಡುವುದನ್ನು ಬಿಟ್ಟು ಒಂದು ಉಂಡಿ ತೆಗೆದುಕೊಂಡರು.

ಅದರ ಮುಂದಿನ ಪಂಚಮಿಗೂ, ಆಮೇಲಿನ ಪಂಚಮಿಗಳಿಗೂ ಮಾಮ ಬಂದ. ಹೊಳೆ ತುಂಬುವ ಲಕ್ಷಣ ಕಂಡರೆ ಎರಡು ದಿನ ಮೊದಲೇ ಈಚೆ ದಂಡೆಗೆ ಬಂದು ಯಾರದೋ ಮನೆಯಲ್ಲಿ ಇದ್ದು ಬಂದ. ಈಗ ಅವನೂ ಇಲ್ಲ, ಅವ್ವನೂ ಇಲ್ಲ. ಆ ಹಬ್ಬಗಳೆಲ್ಲ ನನ್ನ ತಲೆಯಲ್ಲಿ ಒಂದರೊಳಗೊಂದು ಬೆರೆತುಹೋಗಿವೆ. ಮಾರ್ಗಶಿರದ ಇದೊಂದು ಮಾತ್ರ ಬೆರೆತಿಲ್ಲ.

ಮಾಮ ಜೋಕಾಲಿಯ ಹಗ್ಗ ಹಿಡಿದು ನಿಂತಿದ್ದ. ಏರು ಎನ್ನಲಿಲ್ಲ. ತಂಗಿ ಪ್ರತಿ ವರ್ಷ ಕೇಳುತ್ತಿದ್ದ ಆ ಪ್ರಶ್ನೆಗಾಗಿ ಅವನು ಕಾಯುತ್ತಿದ್ದ, ಉತ್ತರ ಅವನ ಬಾಯಲ್ಲಿ ತಯಾರಿತ್ತು. ಅವ್ವ ಮರವನ್ನು ನೋಡಿದಳು, ಟೊಂಗೆಯನ್ನು ನೋಡಿದಳು, ಅಣ್ಣನ ಮುಖ ನೋಡಿದಳು. ಸೆರಗು ಬಿಗಿದು, ಮಣೆಯ ಮೇಲೆ ಎರಡೂ ಕಾಲಿಟ್ಟು ನಿಂತಳು.

"ಕೇಳಲಿಲ್ಲಲ್ಲವಾ, ಗಟ್ಟಿ ಐತೇನಂತ?" ಎಂದ ಮಾಮ.

"ಏನು ಕೇಳೂದೈತಿ?" ಎಂದಳು ಅವ್ವ. "ತೂಗು."